ಒಂದೇ ಹೊಂಡದಲ್ಲಿ ಯಾವ ಮೀನಿಗೆ ಯಾವ ಮೀನು ಜೊತೆ?

ಅಕ್ಕಡಿ ಸಾಲಿನ ಬೇಸಾಯ ನಮ್ಮ ರೈತರಿಗೆ ಹೊಸದಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುತ್ತೇವೆ. ರಾಗಿಯ ಬೇರು ಮೇಲುಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ಬೇರು ಆಳಕ್ಕಿಳಿಯುತ್ತದೆ. ರಾಗಿ ಕೊಯ್ಲಾದ ಮೇಲೆ ತೊಗರಿ ಹರಡಿಕೊಂಡು ಬಲಿಯುತ್ತದೆ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲವಾದ್ದರಿಂದಲೇ ಎರಡೂ ಒಂದೇ ಹೊಲದಲ್ಲಿ ಬದುಕುತ್ತವೆ.

ಹೊಂಡದ ನೀರೂ ಇಂಥದೇ ಒಂದು ಹೊಲ. ಅದಕ್ಕೂ ಮೇಲ್ಪದರ, ನಡುಪದರ, ತಳ ಎಂದು ಮೂರು ಅಂತಸ್ತುಗಳಿವೆ. ಪ್ರತಿಯೊಂದರಲ್ಲಿ ಬೇರೆ ಬೇರೆ ಆಹಾರ ಬೆಳೆಯುತ್ತದೆ. ಒಂದೇ ಜಾತಿಯ ಮೀನು ಬಿಟ್ಟರೆ ಒಂದು ಅಂತಸ್ತಿನಲ್ಲಿ ನೂಕುನುಗ್ಗಲಾಗಿ ಉಳಿದೆರಡು ಬೀಳುಬೀಳುತ್ತವೆ. ಸಿಕ್ಕಿದ ಜಾತಿಯನ್ನೆಲ್ಲ ಬಿಟ್ಟರೆ ಮೀನುಗಳು ಒಂದನ್ನೊಂದು ತಿನ್ನುತ್ತವೆ, ಇಲ್ಲವೇ ಒಂದರ ಆಹಾರವನ್ನು ಇನ್ನೊಂದು ಕಸಿಯುತ್ತವೆ. ಹೊಂದಿಕೊಳ್ಳುವ ಜಾತಿಗಳನ್ನು ಆರಿಸಿ, ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ಸಾಕುವುದಕ್ಕೆ ಮಿಶ್ರ ಮೀನು ಸಾಕಣೆ ಎನ್ನುತ್ತಾರೆ.

ಈ ಆಯ್ಕೆ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರ ಹೊಂಡಕ್ಕೆ ಬಲೆ ಎಳೆಯುವಾಗ ನಾನು ಹಾಜರಿದ್ದೆ. ಬೀದಿಯಲ್ಲಿ ಮಾರಿಕೊಂಡು ಬಂದವನಿಂದ ಅವರು 200 ಮರಿಗಳನ್ನು ಕೊಂಡಿದ್ದರು. ಹತ್ತು ತಿಂಗಳು ತೌಡು, ಹಿಂಡಿ ಹಾಕಿದ್ದರು. ಬಲೆಯಲ್ಲಿ ಬಂದದ್ದು ಅಂಗೈಯಗಲದ ನೂರಾರು ಜಿಲೇಬಿ ಮೀನು, ನಾಲ್ಕು ಭಾರಿ ಕ್ಯಾಟ್‌ಫಿಶ್, ಒಂಬತ್ತು ಕಾಟ್ಲಾ. "ನೀರು ಬತ್ತಿಸಲಿಲ್ಲ, ಮೇವು ತಪ್ಪಿಸಲಿಲ್ಲ. ಎಲ್ಲಿ ತಪ್ಪಿದೆ ಸ್ವಾಮಿ?" ಎಂದು ಅವರು ಕೇಳಿದರು. ಸಾಕಿದ್ದರಲ್ಲಿ ಅವರು ತಪ್ಪಿರಲಿಲ್ಲ. ಮರಿ ಬಿಟ್ಟ ದಿನವೇ ಬೆಳೆ ಕೆಟ್ಟಿತ್ತು. ಅಂಥ ತಪ್ಪು ನಿಮ್ಮ ಹೊಂಡದಲ್ಲಿ ಆಗದಿರಲೆಂಬುದೇ ಈ ಲೇಖನದ ಉದ್ದೇಶ.

ಮೀನಿನ ಬಾಯಿ ನೋಡಿ ಜೊತೆ ಆರಿಸಿ

ಯಾವ ಮೀನು ಎಲ್ಲಿ ಮೇಯುತ್ತದೆಂಬುದನ್ನು ಅದರ ಬಾಯಿಯೇ ಹೇಳುತ್ತದೆ. ಬಾಯಿ ಮೇಲ್ಮುಖವಾಗಿದ್ದರೆ ಅದು ಮೇಲ್ಪದರದ್ದು, ಕೆಳಮುಖವಾಗಿದ್ದರೆ ತಳದ್ದು. ಸಾಕಣೆಗೆ ಯೋಗ್ಯವಾದ ಆರು ಗೆಂಡೆ ಜಾತಿಗಳ ಪರಿಚಯ ಹೀಗಿದೆ.

ಕಾಟ್ಲಾ: ದೊಡ್ಡ ತಲೆ, ಅಗಲವಾದ ಮೇಲ್ಮುಖ ಬಾಯಿ. ಮೇಲ್ಪದರದಲ್ಲಿದ್ದು ಮುಖ್ಯವಾಗಿ ಪ್ರಾಣಿ ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಎಲ್ಲವೂ ಅನುಕೂಲವಾಗಿದ್ದರೆ ವರ್ಷಕ್ಕೆ ಒಂದು ಕಿಲೋ ತೂಗುತ್ತದೆ. ನಮ್ಮ ಪೇಟೆಗಳಲ್ಲಿ ಒಳ್ಳೆಯ ಬೇಡಿಕೆಯಿದೆ.

ರೋಹು: ಚಿಕ್ಕ ಬಾಯಿ, ಅಂಚು ಕಟ್ಟಿದಂಥ ತುಟಿ. ನಡುಪದರದ್ದು. ಸಸ್ಯ ಪ್ಲವಕ, ಕೊಳೆಯುತ್ತಿರುವ ಎಲೆ, ಕಲ್ಲು ಮತ್ತು ಕಡ್ಡಿಗೆ ಅಂಟಿದ ಪಾಚಿ ಇದರ ಆಹಾರ. ತೌಡು, ಹಿಂಡಿಯನ್ನು ಚೆನ್ನಾಗಿ ತಿನ್ನುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಆಯ್ಕೆ ತಳಿ ಅಭಿವೃದ್ಧಿಯಿಂದ ಪಡೆದ 'ಜಯಂತಿ' ರೋಹು ಹೆಚ್ಚು ವೇಗವಾಗಿ ಬೆಳೆಯುವ ತಳಿಯಾಗಿದೆ.

ಮೃಗಾಲ್: ಉದ್ದನೆಯ ಮೈ, ಮೊಂಡು ಮೂತಿ, ತುಸು ಕೆಳಮುಖವಾದ ಬಾಯಿ. ತಳದ ಕೆಸರಿನಲ್ಲಿರುವ ಕೊಳೆತ ಸಾವಯವ ವಸ್ತು ಇದರ ಮುಖ್ಯ ಆಹಾರ.

ಬೆಳ್ಳಿ ಗೆಂಡೆ: ಬಹಳ ಸಣ್ಣ ಹುರುಪೆ, ಬೆಳ್ಳಿಯ ಬಣ್ಣ. ಕಿವಿರಿನೊಳಗಿನ ಜರಡಿಯಂಥ ರಚನೆಯಿಂದ ನೀರನ್ನು ಸೋಸಿ ಸಸ್ಯ ಪ್ಲವಕವನ್ನು ತಿನ್ನುತ್ತದೆ. ಇದೂ ಮೇಲ್ಪದರದ್ದೇ.

ಹುಲ್ಲು ಗೆಂಡೆ: ಉರುಟಾದ ಉದ್ದ ಮೈ. ಗಂಟಲಿನಲ್ಲಿರುವ ಹಲ್ಲಿನಿಂದ ಹುಲ್ಲು, ಜೊಂಡು ಮತ್ತು ನೀರಿನ ಕಳೆಯನ್ನು ಕತ್ತರಿಸಿ ತಿನ್ನುತ್ತದೆ.

ಸಾಮಾನ್ಯ ಗೆಂಡೆ: ಬಾಯಿಯ ಬಳಿ ಎರಡು ಜೊತೆ ಸಣ್ಣ ಮೀಸೆ, ಬೆನ್ನಿನ ಮೇಲೆ ಉದ್ದ ರೆಕ್ಕೆ. ತಳದಲ್ಲಿ ಕೆಸರು ಕೆದಕಿ ಹುಳು, ಕಾಳು, ಕೊಳೆತ ವಸ್ತು ಎಲ್ಲವನ್ನೂ ತಿನ್ನುತ್ತದೆ.

ಇವುಗಳಲ್ಲಿ ಮೊದಲ ಮೂರು ಗಂಗಾ ಬಯಲಿನ ನದಿಗಳ ಮೀನುಗಳು. ಅವು ಮಳೆಗಾಲದ ಹರಿಯುವ ನೀರಿನಲ್ಲಿ ಮಾತ್ರ ಮೊಟ್ಟೆಯಿಡುತ್ತವೆ. ನಿಂತ ನೀರಿನ ಹೊಂಡದಲ್ಲಿ ಮರಿ ಮಾಡುವುದಿಲ್ಲ. ಹಿಂದೆ ಇವುಗಳ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಲ್ಲಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ಬೆಳ್ಳಿ ಗೆಂಡೆ ಮತ್ತು ಹುಲ್ಲು ಗೆಂಡೆಗಳು 1959ರಲ್ಲಿ ನಮ್ಮ ದೇಶಕ್ಕೆ ಬಂದವು. 1971ರಲ್ಲಿ ಆರಂಭವಾದ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆಯ ಮೂಲಕ ಈ ಆರು ಜಾತಿಗಳನ್ನು ಒಟ್ಟಿಗೆ ಸಾಕುವ ವಿಧಾನವನ್ನು ದೇಶದ ಬೇರೆ ಬೇರೆ ಕಡೆಗಳಲ್ಲಿ ಪರೀಕ್ಷಿಸಲಾಯಿತು.

ಜೊತೆಗೆ ಸೇರಿಸಬಾರದ ಮೀನುಗಳು

ಹೊಂದಾಣಿಕೆ ಮೂರು ಕಾರಣಗಳಿಂದ ಕೆಡುತ್ತದೆ.

ಮೊದಲನೆಯದು, ಮೀನು ಮೀನನ್ನೇ ತಿನ್ನುವುದು. ಕೊರವ, ಬಾಳೆ ಮತ್ತು ಕ್ಯಾಟ್‌ಫಿಶ್ ಜಾತಿಗಳು ಈ ಗುಂಪಿನವು. ಮರಿಯಾಗಿದ್ದಾಗ ಇವು ಸಾಧುವಾಗಿಯೇ ಕಾಣುತ್ತವೆ. ಒಂದೆರಡು ತಿಂಗಳಲ್ಲಿ ಜೊತೆಯ ಮರಿಗಳನ್ನು ನುಂಗತೊಡಗುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನಂತೂ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಬೇಗ ಬೆಳೆಯುತ್ತದೆ, ಏನು ಹಾಕಿದರೂ ತಿನ್ನುತ್ತದೆ ಎಂದು ಯಾರಾದರೂ ಹೊಗಳಿದರೆ ಮರುಳಾಗಬೇಡಿ. ಕೋಡಿ ಹರಿದು ಇದು ಹಳ್ಳ ಸೇರಿದರೆ ಅಲ್ಲಿನ ಸ್ಥಳೀಯ ಮೀನುಗಳಿಗೂ ಕುತ್ತು.

ಎರಡನೆಯದು, ಹೊಂಡದಲ್ಲೇ ವಿಪರೀತ ಮರಿ ಮಾಡುವುದು. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯ, ಅಂದರೆ ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನು, ಎರಡು ಮೂರು ತಿಂಗಳಲ್ಲೇ ಪ್ರಾಯಕ್ಕೆ ಬರುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಯುವುದರಿಂದ ಮರಿಗಳು ಹೆಚ್ಚಾಗಿ ಉಳಿಯುತ್ತವೆ. ವರ್ಷದಲ್ಲಿ ಹಲವು ಬಾರಿ ಹೀಗೆ ಮರಿ ಮಾಡುತ್ತದೆ. ಎಲ್ಲಕ್ಕೂ ಮೇವು ಸಾಲದೆ ಯಾವ ಮೀನೂ ಅಂಗೈಗಿಂತ ದೊಡ್ಡದಾಗುವುದಿಲ್ಲ. ನೀವು ಕಾಟ್ಲಾಗೆಂದು ಹಾಕಿದ ತೌಡು ಇವುಗಳ ಪಾಲಾಗುತ್ತದೆ. ಗಂಡುಗಳನ್ನೇ ಸಾಕುವ ಗಿಫ್ಟ್ ತಿಲಾಪಿಯದ ವಿಷಯ ಬೇರೆ. ಅದಕ್ಕೆ ಪರವಾನಗಿ ಬೇಕು, ಅದನ್ನು ಪ್ರತ್ಯೇಕವಾಗಿಯೇ ಸಾಕಬೇಕು.

ಮೂರನೆಯದು, ಒಳ್ಳೆಯ ಮೀನುಗಳ ನಡುವೆಯೇ ನಡೆಯುವ ಮೇವಿನ ಪೈಪೋಟಿ. ರೈತರು ಹೆಚ್ಚಾಗಿ ಗಮನಿಸದಿರುವುದು ಇದನ್ನೇ. ಬೆಳ್ಳಿ ಗೆಂಡೆ ಮತ್ತು ಕಾಟ್ಲಾ ಎರಡೂ ಮೇಲ್ಪದರದವು. ಬೆಳ್ಳಿ ಗೆಂಡೆ ಹೆಚ್ಚಾದರೆ ಕಾಟ್ಲಾದ ಬೆಳವಣಿಗೆ ಕುಂಠಿತವಾಗುತ್ತದೆ. ಅಲ್ಲದೆ ಬೆಳ್ಳಿ ಗೆಂಡೆ ಬಲೆಗೆ ಬೆದರಿ ಜಿಗಿಯುವ ಮೀನು; ಹಿಡಿದ ಮೇಲೆ ಬೇಗ ಕೆಡುತ್ತದೆ. ಪೇಟೆ ದೂರವಿರುವವರು, ಕಾಟ್ಲಾಗೆ ಒಳ್ಳೆಯ ಬೆಲೆ ಸಿಗುವಲ್ಲಿರುವವರು ಸಣ್ಣ ಹೊಂಡದಲ್ಲಿ ಬೆಳ್ಳಿ ಗೆಂಡೆಯನ್ನು ಕೈಬಿಡುವುದೇ ಮೇಲು. ಹಾಗೆಯೇ ತಳದಲ್ಲಿ ಸಾಮಾನ್ಯ ಗೆಂಡೆ ಮತ್ತು ಮೃಗಾಲ್ ಪೈಪೋಟಿ ನಡೆಸುತ್ತವೆ. ಎರಡನ್ನೂ ಬಿಡಬಹುದು, ಆದರೆ ಎರಡೂ ಸೇರಿ ತಳದ ಪಾಲು ಮೂರನೇ ಒಂದು ಭಾಗ ಮೀರಬಾರದು.

ಸಾಮಾನ್ಯ ಗೆಂಡೆಗೆ ಇನ್ನೆರಡು ದುರ್ಗುಣಗಳಿವೆ. ಮಣ್ಣಿನ ಏರಿಯನ್ನು ಕೆದಕಿ ಸಡಿಲ ಮಾಡುತ್ತದೆ. ಜೊತೆಗೆ, ಮೊದಲ ವರ್ಷದೊಳಗೇ ಬಲಿತು ನೀರಿನ ಕಳೆಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಆದುದರಿಂದ ಇದರ ಸಂಖ್ಯೆ ಮಿತವಾಗಿರಲಿ. ಆರೇಳು ತಿಂಗಳಲ್ಲಿ ದೊಡ್ಡವನ್ನು ಮೊದಲು ಹಿಡಿದು ಮಾರಿಬಿಡಿ. ಹೊಂಡದಲ್ಲಿ ಹುಲ್ಲು ಗೆಂಡೆಯಿದ್ದು ಕಳೆ ಇಲ್ಲದಿದ್ದರೆ ಮೊಟ್ಟೆ ಅಂಟಿಸಲು ಜಾಗವೂ ಇರುವುದಿಲ್ಲ.

ಹುಲ್ಲು ಗೆಂಡೆಯನ್ನು ಬಿಡುವವರು ದಿನವೂ ಹಸಿರು ಹಾಕಲು ಸಿದ್ಧರಿರಬೇಕು. ಅದು ದಿನಕ್ಕೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಹುಲ್ಲು ತಿನ್ನಬಲ್ಲದು. ಹುಲ್ಲು ಸಿಗದಿದ್ದರೆ ಉಳಿದವುಗಳ ತೌಡಿಗೆ ಬಾಯಿ ಹಾಕುತ್ತದೆ. ಹಾಕಿದರೆ ಮಾತ್ರ ಅದು ಉಪಕಾರಿ: ಅರ್ಧಂಬರ್ಧ ಜೀರ್ಣವಾದ ಅದರ ಹಿಕ್ಕೆಯೇ ಹೊಂಡಕ್ಕೆ ಗೊಬ್ಬರವಾಗಿ ಪ್ಲವಕ ಬೆಳೆಸುತ್ತದೆ.

ಎಷ್ಟು ಮರಿ, ಯಾವ ಪ್ರಮಾಣದಲ್ಲಿ?

ಗುಂಟೆಗೆ 50 ಮರಿ ಎಂಬ ಲೆಕ್ಕ ನೆನಪಿಡಲು ಸುಲಭ. ಇದು ಎಕರೆಗೆ 2000, ಹೆಕ್ಟೇರಿಗೆ 5000 ಆಗುತ್ತದೆ. ಕೃಷಿ ಹೊಂಡಗಳಿಂದ ಬೆಳೆಗೂ ನೀರು ಎತ್ತುವುದರಿಂದ ಇದಕ್ಕಿಂತ ಹೆಚ್ಚು ಬಿಡುವುದು ಸೂಕ್ತವಲ್ಲ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಸುಮಾರು ನಾಲ್ಕು ಗುಂಟೆಯಷ್ಟಿರುತ್ತದೆ. ಅದಕ್ಕೆ 200 ಮರಿ ಸಾಕು. ವರ್ಷದಲ್ಲಿ ಕನಿಷ್ಠ ಎಂಟು ತಿಂಗಳು ಐದು ಅಡಿ ನೀರು ನಿಲ್ಲಬೇಕು. 200 ಮರಿಗಳ ಹಂಚಿಕೆ ಹೊಂಡದ ಬಗೆಯನ್ನು ಅನುಸರಿಸಿ ಹೀಗಿರಲಿ:

1. ಮಣ್ಣಿನ ತಳದ ಹೊಂಡ, ಹಸಿರು ಮೇವಿನ ಅನುಕೂಲ ಇಲ್ಲದವರಿಗೆ: ಕಾಟ್ಲಾ 80, ರೋಹು 60, ಮೃಗಾಲ್ 60.

2. ಮಣ್ಣಿನ ತಳದ ಹೊಂಡ, ಹಸಿರು ಮೇವು ಇರುವವರಿಗೆ: ಕಾಟ್ಲಾ 70, ರೋಹು 50, ಮೃಗಾಲ್ 30, ಸಾಮಾನ್ಯ ಗೆಂಡೆ 30, ಹುಲ್ಲು ಗೆಂಡೆ 20.

3. ಪಾಲಿಥೀನ್ ಹಾಳೆ ಹಾಸಿದ ಹೊಂಡಕ್ಕೆ: ಕಾಟ್ಲಾ 80, ರೋಹು 70, ಸಾಮಾನ್ಯ ಗೆಂಡೆ 30, ಹುಲ್ಲು ಗೆಂಡೆ 20.

4. ಆರು ತಿಂಗಳು ಮಾತ್ರ ನೀರು ನಿಲ್ಲುವ ಹೊಂಡಕ್ಕೆ: ದೊಡ್ಡ ಗಾತ್ರದ ಮರಿಗಳನ್ನೇ ತಂದು ಕಾಟ್ಲಾ 60, ರೋಹು 40, ಸಾಮಾನ್ಯ ಗೆಂಡೆ 50; ಒಟ್ಟು 150. ಇಲ್ಲಿ ಮೃಗಾಲ್ ಇಲ್ಲದಿರುವುದರಿಂದ ತಳದ ಪಾಲೆಲ್ಲ ಸಾಮಾನ್ಯ ಗೆಂಡೆಯದೇ.

ಮೂರನೆಯ ಬಗೆಯ ಬಗ್ಗೆ ಒಂದು ಮಾತು. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣಭೂಮಿಯಲ್ಲಿ ಹಾಳೆ ಹಾಸಿದ ಹೊಂಡಗಳು ಹೆಚ್ಚಿವೆ. ಇವುಗಳ ತಳದಲ್ಲಿ ಕೆಸರಿಲ್ಲ. ಆದ್ದರಿಂದ ಮೃಗಾಲ್‌ಗೆ ಊಟವಿಲ್ಲ. ಸಾಮಾನ್ಯ ಗೆಂಡೆಯಾದರೋ ತಳಕ್ಕೆ ಇಳಿದ ತೌಡು, ಹಿಂಡಿಯನ್ನು ಆರಿಸಿ ತಿನ್ನುತ್ತದೆ. ಹಾಳೆಯ ಮೇಲೆ ಅದು ಕೆದಕಲು ಏರಿಯ ಮಣ್ಣೂ ಸಿಗುವುದಿಲ್ಲ. ಮಣ್ಣಿನ ಹೊಂಡದಲ್ಲಿ ಕೆಲವು ಬಿದಿರಿನ ಗಳಗಳನ್ನು ನೆಟ್ಟರೆ ಅವುಗಳ ಮೇಲೆ ಪಾಚಿ ಬೆಳೆದು ರೋಹುವಿಗೆ ಮೇವಾಗುತ್ತದೆ. ಹಾಳೆಯ ಹೊಂಡದಲ್ಲಿ ಗಳ ನೆಡಕೂಡದು, ಹಾಳೆ ತೂತಾಗುತ್ತದೆ.

ಮರಿ ಕೊಳ್ಳುವಾಗ

ಮೂರು ನಾಲ್ಕು ಅಂಗುಲ ಉದ್ದದ, ಬಲಿತ ಬಿತ್ತನೆ ಮರಿಗಳನ್ನೇ ಕೊಳ್ಳಿ. ಅಂಗುಲದ ಮರಿ ಅಗ್ಗವಾದರೂ ಕಪ್ಪೆ, ನೀರುಹಾವು, ಹಕ್ಕಿಗಳ ಪಾಲಾಗುವುದೇ ಹೆಚ್ಚು. ಎಲ್ಲ ಜಾತಿಯ ಮರಿಗಳೂ ಹೆಚ್ಚು ಕಡಿಮೆ ಒಂದೇ ಗಾತ್ರದವಾಗಿರಲಿ, ಒಂದೇ ವಾರದಲ್ಲಿ ಹೊಂಡ ಸೇರಲಿ. ಮೊದಲು ಬಂದು ದೊಡ್ಡದಾದದ್ದು ಮೇವಿನ ಜಾಗದಲ್ಲಿ ಹಿಂದೆ ಬಂದದ್ದನ್ನು ದೂರ ತಳ್ಳುತ್ತದೆ.

ಚೀಲದ ಮರಿಗಳಲ್ಲಿ ಐವತ್ತನ್ನಾದರೂ ಬಿಳಿ ಬೋಗುಣಿಗೆ ಸುರಿದು ನೋಡಿ. ಕಾಟ್ಲಾ ಮರಿಯ ತಲೆ ದೊಡ್ಡದು, ಬಾಲದ ಬುಡದಲ್ಲಿ ಎದ್ದು ಕಾಣುವ ಮಚ್ಚೆಯಿಲ್ಲ. ರೋಹು ಮರಿಯ ಬಾಲದ ಬುಡದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ, ತುಟಿಗೆ ಅಂಚಿರುತ್ತದೆ. ಮೃಗಾಲ್ ಮರಿ ತೆಳ್ಳಗೆ ಉದ್ದವಾಗಿದ್ದು ಬಾಲದ ಬುಡದಲ್ಲಿ ಮೂಲೆಗಳುಳ್ಳ ಕಪ್ಪು ಮಚ್ಚೆಯಿರುತ್ತದೆ. ಹುರುಪೆಯಿಲ್ಲದ ನುಣುಪು ಮೈ, ಬಾಯಿಯ ಸುತ್ತ ಉದ್ದನೆಯ ಮೀಸೆ ಕಂಡರೆ ಅದು ಕ್ಯಾಟ್‌ಫಿಶ್. ಹಾವಿನಂಥ ತಲೆಯಿದ್ದರೆ ಕೊರವ. ಬೆನ್ನಿನುದ್ದಕ್ಕೂ ಮುಳ್ಳಿನ ರೆಕ್ಕೆಯಿದ್ದರೆ ಜಿಲೇಬಿ. ಇವುಗಳಲ್ಲಿ ಒಂದು ಕಂಡರೂ ಆ ಚೀಲವನ್ನು ಹಿಂದಕ್ಕೆ ಕೊಡಿ. ಅದಕ್ಕಾಗಿಯೇ ಮರಿಗಳನ್ನು ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರದಿಂದ ಅಥವಾ ಇಲಾಖೆ ಮಾನ್ಯ ಮಾಡಿದ ಕೇಂದ್ರದಿಂದ ತರುವುದು ಕ್ಷೇಮ.

ತಂದ ಚೀಲವನ್ನು ಬಿಚ್ಚದೆ ಕಾಲು ಗಂಟೆ ಹೊಂಡದ ನೀರಿನಲ್ಲಿ ತೇಲಬಿಡಿ. ಆಮೇಲೆ ಚೀಲಕ್ಕೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮರಿಗಳು ತಾವಾಗಿಯೇ ಹೊರಗೆ ಈಜುವಂತೆ ಬಾಯಿ ಬಿಚ್ಚಿ. ಈ ಕೆಲಸಕ್ಕೆ ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಒಳ್ಳೆಯದು.

ಮರಿ ಬಿಡುವ ಮೊದಲು ಮತ್ತು ನಂತರ

ಹಳೆಯ ಹೊಂಡವಾದರೆ ಬೇಸಿಗೆಯಲ್ಲಿ ಪೂರ್ತಿ ಒಣಗಿಸುವುದೇ ಎಲ್ಲಕ್ಕಿಂತ ಉತ್ತಮ. ಮಣ್ಣಿನ ಹೊಂಡವನ್ನು ಒಣಗಿಸಲಾಗದಿದ್ದರೆ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಿದರೆ ಬೇಡವಾದ ಮೀನುಗಳು ಸಾಯುತ್ತವೆ. ನಾಲ್ಕು ಗುಂಟೆಯಲ್ಲಿ ಒಂದು ಮೀಟರ್ ನೀರಿದ್ದರೆ 100 ಕಿಲೋ ಹಿಂಡಿ ಬೇಕಾಗುತ್ತದೆ. ಇದರ ವಿಷ ಇಳಿಯಲು ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮರಿ ಬಿಡಕೂಡದು, ದನಕರುಗಳಿಗೂ ಆ ನೀರು ಬೇಡ. ಹಿಂಡಿ ಕೊಳೆತು ಗೊಬ್ಬರವೂ ಆಗುತ್ತದೆ.

ನೀರು ಒಳಬರುವ ಕಾಲುವೆಗೂ ಹೊರಹೋಗುವ ಕೋಡಿಗೂ ಸಣ್ಣ ಕಣ್ಣಿನ ಬಲೆ ಕಟ್ಟಲೇಬೇಕು. ಬೇಡದ ಮೀನು ಒಳಗೆ ಬರುವುದು ಅಲ್ಲಿಂದಲೇ, ನೀವು ಸಾಕಿದ ಮೀನು ಹಳ್ಳಕ್ಕೆ ಹೋಗುವುದೂ ಅಲ್ಲಿಂದಲೇ.

ಸೆಗಣಿ ಹಾಕಿದ ಮೇಲೆ ನೀರು ತಿಳಿಹಸಿರಾಗಬೇಕು. ಮೊಣಕೈಯವರೆಗೆ ತೋಳನ್ನು ನೀರಿಗಿಳಿಸಿ ನೋಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಪ್ಲವಕ ಸರಿಯಾಗಿದೆ. ಆಗಲೂ ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುವಷ್ಟರಲ್ಲೇ ಕಾಣದಾದರೆ ಗೊಬ್ಬರ ಹೆಚ್ಚಾಗಿದೆ, ಹಾಕುವುದನ್ನು ನಿಲ್ಲಿಸಿ.

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಭಾಗ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ ಎರಡರಂತೆ ದಿನವೂ ಕೊಡಿ. 200 ಮೀನು ತಲಾ 100 ಗ್ರಾಂ ಇದ್ದರೆ ಒಟ್ಟು 20 ಕಿಲೋ ಆಯಿತು. ಅದಕ್ಕೆ ದಿನಕ್ಕೆ 400 ಗ್ರಾಂ ಮೇವು. ತೂತು ಮಾಡಿದ ಚೀಲಗಳಲ್ಲಿ ತುಂಬಿ ಎರಡು ಕಡೆ, ಬೇರೆ ಬೇರೆ ಆಳಕ್ಕೆ ಇಳಿಬಿಟ್ಟರೆ ನಡುಪದರದ್ದಕ್ಕೂ ತಳದ್ದಕ್ಕೂ ಪಾಲು ಸಿಗುತ್ತದೆ. ಹುಲ್ಲನ್ನು ತೇಲುವ ಬಿದಿರಿನ ಚೌಕಟ್ಟಿನೊಳಗೆ ಹಾಕಿ.

ತಿಂಗಳಿಗೊಮ್ಮೆ ಬಲೆ ಬೀಸಿ ಪ್ರತಿ ಜಾತಿಯ ಕೆಲವು ಮೀನುಗಳನ್ನು ತೂಗಿ ಬರೆದಿಡಿ. ಜೊತೆ ಸರಿಯಿದೆಯೇ ಎಂಬುದನ್ನು ಈ ಲೆಕ್ಕವೇ ತಿಳಿಸುತ್ತದೆ. ಕಾಟ್ಲಾ ಮಾತ್ರ ಹಿಂದೆ ಬಿದ್ದಿದ್ದರೆ ಮೇಲ್ಪದರದಲ್ಲಿ ಪ್ಲವಕ ಸಾಲದು, ಇಲ್ಲವೇ ಅಲ್ಲಿ ಮೀನು ಹೆಚ್ಚಾಗಿದೆ. ತಳದವು ಬಡಕಲಾಗಿದ್ದರೆ ಮುಂದಿನ ವರ್ಷ ಅವುಗಳ ಸಂಖ್ಯೆ ಇಳಿಸಿ. ಬೆಳಗಿನ ಜಾವ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಕೂಡಲೇ ಮೇವು, ಗೊಬ್ಬರ ನಿಲ್ಲಿಸಿ, ಪಂಪಿನಿಂದ ನೀರೆತ್ತಿ ಹೊಂಡಕ್ಕೇ ಚಿಮ್ಮಿಸಿ. ಬೆಳೆಗೆ ಔಷಧಿ ಹೊಡೆದ ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ಯಾವ ಕಾರಣಕ್ಕೂ ತೊಳೆಯಬಾರದು.

ಹೀಗೆ ಸಾಕಿದ 200 ಮರಿಗಳಲ್ಲಿ 150 ಉಳಿದು, ಸರಾಸರಿ ಅರ್ಧ ಕಿಲೋ ಬೆಳೆದರೆ 75 ಕಿಲೋ ಮೀನು ಕೈಗೆ ಬರುತ್ತದೆ. ಬೆಳೆಗೆ ಕಟ್ಟಿಟ್ಟ ನೀರಿನಲ್ಲೇ ಸಿಗುವ ಈ ಆದಾಯ ಸಣ್ಣ ಹಿಡುವಳಿದಾರನಿಗೆ ಕಡೆಗಣಿಸುವಂಥದ್ದಲ್ಲ.

ಮೇಲೆ ಹೇಳಿದ ರೈತರು ಮರುವರ್ಷ ಹೊಂಡವನ್ನು ಬೇಸಿಗೆಯಲ್ಲಿ ಒಣಗಿಸಿ, ಮೊದಲನೆಯ ಹಂಚಿಕೆಯಂತೆ ಮೂರೇ ಜಾತಿ ಬಿಟ್ಟರು. ಮರಿ ತಂದ ದಿನ ಬೋಗುಣಿಯ ಮುಂದೆ ಕುಳಿತು ಇನ್ನೂರನ್ನೂ ಒಂದೊಂದಾಗಿ ನೋಡಿದರಂತೆ. ಅಷ್ಟು ಮಾಡಿದರೆ ಹೆಚ್ಚಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಮರಿಗಳು ದೊರೆಯುತ್ತವೆ. ಅದಕ್ಕೆ ಮೊದಲೇ ನಿಮ್ಮ ಹೊಂಡದ ಅಳತೆ, ನೀರು ನಿಲ್ಲುವ ತಿಂಗಳುಗಳು ಮತ್ತು ಬೇಕಾದ ಜಾತಿಗಳ ಸಂಖ್ಯೆಯನ್ನು ಬರೆದುಕೊಂಡು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಿ, ಮರಿಗಳಿಗೆ ಬೇಡಿಕೆ ಸಲ್ಲಿಸಿರಿ.